ಬೀರುವಿನಲ್ಲಿಟ್ಟ ಕಾಗದ

ಬೆಲ್ಜಿಯಂನ ಗೇಲ್ ಊರಿನಲ್ಲಿ ಮನಸ್ಸಿನ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ಸಲಹುವುದು ತಲೆಮಾರುಗಳ ರೂಢಿ. ಯಾರೂ ಅವರನ್ನು ರೋಗಿ ಎನ್ನುವುದಿಲ್ಲ, ನಮ್ಮನೆ ಊಟದವರು ಎನ್ನುತ್ತಾರೆ. ಅವರ ಮಾತ್ರೆ, ಕಾಗದಪತ್ರ ಎಲ್ಲವೂ ಮನೆಯೊಡತಿಯ ಬೀರುವಿನಲ್ಲಿ.

ಇರ್ಮಾಳ ಮನೆಯಲ್ಲಿ ಲೋಡೆವಿಕ್ ಇಪ್ಪತ್ತೆರಡು ವರ್ಷದಿಂದ ಇದ್ದಾನೆ. ಆ ದೇಶದ ಕಾನೂನು ಒಪ್ಪುವ ದಯಾಮರಣ ತನಗೆ ಬೇಕೆಂದು ಅವನು ವೈದ್ಯರಿಗೆ ಬರೆದಿಟ್ಟ ಕಾಗದ ಮೊನ್ನೆ ಅವಳ ಕಣ್ಣಿಗೆ ಬಿತ್ತು. ತಕ್ಷಣ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅಂದಿನಿಂದ ಅವಳಿಗೆ ಎಚ್ಚರವೂ ಕನಸಿನಂತೆಯೇ. ಮಂಜು ಕವಿದ ಹಿತ್ತಲಲ್ಲಿ ಕೋಳಿಗಳಿಗೆ ಕಾಳು ಹಾಕುವ ಲೋಡೆವಿಕ್ ಒಮ್ಮೆ ಕಾಣುತ್ತಾನೆ, ಒಮ್ಮೆ ಇಲ್ಲ. ಹಾಗೇ ಮಂಜಿನೊಳಗೆ ಉಳಿದುಬಿಟ್ಟರೆ ಎಂದು ಅವಳಿಗೆ ಭಯ.

ಸೈಕಲ್ಲಿನಲ್ಲಿ ಬಂದ ನರ್ಸ್ ಹಿಲ್ಡ ಕಾಫಿ ಹೀರುತ್ತಾ ಕೇಳಿದಳು, “ಡಾಕ್ಟರಿಗೆ ಬರೀತೀನಿ ಅಂದಿದ್ನಲ್ಲ ಲೋಡೆವಿಕ್, ಅವನ ಕಾಗದ ಎಲ್ಲಿ ಇರ್ಮಕ್ಕಾ?”

“ಬೀರುನಲ್ಲಿದೆ. ಡಾಕ್ಟರ ಕೈ ಸೇರ್ಲಿಲ್ಲ ಅಂದ್ರೆ ಅವನು ಉಳ್ಕೋತಾನೆ.”

“ಉಳ್ಕೋತಾನೋ, ಬಾಯಿ ಮುಚ್ಕೋತಾನೋ? ಮೊನ್ನೆಯಿಂದ ಒಂದು ಮಾತಾದ್ರೂ ಆಡಿದಾನಾ?”

“ಕೊಟ್ರೆ ನಾಳೆನೇ ಕಳಿಸಿಬಿಡ್ತಾರಲ್ಲೇ.”

“ಅದೇನು ಬಸ್ ಟಿಕೆಟ್ಟಾ? ಅವನೇ ಮನಸಾರೆ ಮತ್ತೆ ಮತ್ತೆ ಕೇಳ್ಬೇಕು, ಅವನ ಪರವಾಗಿ ಯಾರೂ ಕೇಳೋ ಹಾಗಿಲ್ಲ. ಇನ್ನಿಬ್ರು ಡಾಕ್ಟರು ನೋಡ್ಬೇಕು, ಅದ್ರಲ್ಲಿ ಒಬ್ರು ಮನೋವೈದ್ಯರು. ಕಮ್ಮಿ ಅಂದ್ರೂ ಒಂದು ತಿಂಗಳು ಕಾಯ್ಬೇಕು. ಗುಣವಾಗೋ ದಾರಿ ಇದ್ರೆ ಒಪ್ಪೋ ಹಾಗೇ ಇಲ್ಲ. ಅವನ ಜೀವ ಕಾಯೋದೂ ಮಾನವ ಹಕ್ಕೇ, ಅವನ ಮಾತಿಗೆ ಬೆಲೆ ಕೊಡೋದೂ ಮಾನವ ಹಕ್ಕೇ.”

“ನಡುವೆ ಅವನಿಗೇ ಬೇಡ ಅನ್ನಿಸಿದ್ರೆ?”

“ಬೇಡ ಅಂದ್ರೆ ಕಾಗದ ವಾಪಸ್ಸು. ಕಾನೂನಲ್ಲೇ ಬರೆದಿದೆ. ಅದೂ ಅವನ ಕೈಗೆ, ನಿಮ್ಮ ಬೀರುಗಲ್ಲ.”

ಇರ್ಮಾ ಎದ್ದು ಬೀರುವಿನ ಬೀಗ ತೆಗೆದಳು. ಲೋಡೆವಿಕ್ ಒಳಗೆ ಬಂದಾಗ ಕಾಗದ ಅವನ ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲಿತ್ತು.

“ತಪ್ಪಾಯ್ತು ಕಣೋ. ಇದು ನಿಂದು. ನಂಗೆ ನೀನು ಬೇಕು, ಅದೂ ನಿಜ. ಏನು ಅಷ್ಟೊಂದು ನೋಯ್ತಿದೆ, ಹೇಳು.”

ಅವನು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟ. “ಇದನ್ನ ನೀನು ಯಾವತ್ತೂ ಕೇಳಿರ್ಲಿಲ್ಲ. ಕಾಫಿ ಹಾಕಮ್ಮ, ಹೇಳೋದು ಬಹಳ ಇದೆ.” ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಮನೋವೈದ್ಯರ ಹತ್ರ ನೀನೂ ಬರ್ತೀಯಾ?” ಎಂದ.

ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

ಓದುವವರೇ, ನಿಮ್ಮ ಮನೆಯಲ್ಲಿ ಯಾರಾದರೂ ‘ಬದುಕು ಸಾಕು’ ಎಂದರೆ ಆ ಮಾತಿಗೆ ಬೀಗ ಹಾಕಬೇಡಿ. ಅವರ ಪರವಾಗಿ ನೀವೇ ತೀರ್ಮಾನಿಸಲೂ ಬೇಡಿ. ಕೂತು ಕೇಳಿ, ಅಂದೇ ಮನೋವೈದ್ಯರ ಬಳಿ ಜೊತೆಗೆ ಹೋಗಿ. ಆ ಮಾತು ನಿಮ್ಮೊಳಗೇ ಇದ್ದರೆ ಇಂದೇ ಒಬ್ಬರಿಗೆ ಹೇಳಿ. ಕಾಫಿ ಇನ್ನೂ ಬಿಸಿಯಿದೆ.