ಕೊನೆಯ ನಾಲ್ಕು ಬೆರಳು

ಜೀಪಿನ ಮುರಿದ ಕಮಾನುಪಟ್ಟಿಗೆ ಆರು ರೂಪಾಯಿ, ಇದ್ದಿಲಿಗೆ ಒಂದು, ಕಮ್ಮಾರನ ಕೂಲಿಗೆ ನಾಲ್ಕು. ಒಟ್ಟು ಹನ್ನೊಂದು ರೂಪಾಯಿಗೆ ನಾವಿಬ್ಬರು ಹುಟ್ಟಿದೆವು, ನಾನು ಮತ್ತು ನನ್ನ ಜೋಡಿ. ನಾನು ಒಂದು ಟೈರ್ ಲಿವರ್. ಗೇಣಿಗಿಂತ ನಾಲ್ಕು ಬೆರಳು ಹೆಚ್ಚು ಉದ್ದ. ಒಂದು ತುದಿ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆ, ಇನ್ನೊಂದು ಕೊಕ್ಕೆಯಂತೆ ಬಾಗಿದೆ. ಪಂಕ್ಚರ್ ಆದಾಗ ರಿಮ್ಮಿಗೂ ಟೈರಿಗೂ ನಡುವೆ ನುಗ್ಗಿ ಟೈರನ್ನು ಎಬ್ಬಿಸುವುದು ನನ್ನ ಕಸುಬು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಂದು ಲಿವರ್ ಎಬ್ಬಿಸಿ ಹಿಡಿದುಕೊಂಡಿದ್ದರೆ ಇನ್ನೊಂದು ಮುಂದಕ್ಕೆ ಸಾಗಬೇಕು. ಆದ್ದರಿಂದ ನಮ್ಮನ್ನು ಯಾರೂ ಒಂಟಿಯಾಗಿ ಮಾಡಿಸುವುದಿಲ್ಲ.

ನಮ್ಮನ್ನು ಮಾಡಿಸಿದವರು ನಾಗಮಂಗಲದ ರಸ್ತೆಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಪ್ಯಾರೇಜಾನ್ ಸಾಬರು. ಕುಲುಮೆಯಿಂದ ಬಂದ ದಿನ ನನ್ನ ಅಂಚು ಹರಿತವಾಗಿತ್ತು. ಸಾಬರು ಹೆಬ್ಬೆರಳು ಆಡಿಸಿ ನೋಡಿ ಮುಖ ಗಂಟು ಹಾಕಿದರು. "ಇದು ಚಾಕು ಅಲ್ಲ ಕಣಪ್ಪ ಆಚಾರಿ. ಒಳಗಿರೋ ಟ್ಯೂಬು ತೊಟ್ಟಿಲ ಮಗೀನಂಗೆ. ಮಗೀನ ಹತ್ರ ಹೋಗೋ ಕೈಗೆ ಉಗುರಿರಬಾರದು." ಎರಡು ದಿನ ಕಲ್ಲಿಗೆ ಉಜ್ಜಿ ಉಜ್ಜಿ ನನ್ನ ಉಗುರು ತೆಗೆದರು.

ಅವರ ಕೈಯಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ನೋಡುವವರು ಟೈರು ಏಳುವುದು ಲಿವರಿನ ಬಲದಿಂದ ಎಂದುಕೊಳ್ಳುತ್ತಿದ್ದರು. ನಿಜ ಹೇಳುತ್ತೇನೆ, ಬಲ ಇದ್ದದ್ದು ಸಾಬರ ಪಾದದಲ್ಲಿ. ರಿಮ್ಮಿನ ನಡುವೆ ಸುತ್ತಲೂ ಒಂದು ಹಳ್ಳ ಇರುತ್ತದೆ. ಸಾಬರು ಚಕ್ರವನ್ನು ಮಲಗಿಸಿ, ಒಂದು ಬದಿಯ ಟೈರನ್ನು ಕಾಲಿನಿಂದ ಆ ಹಳ್ಳಕ್ಕೆ ತುಳಿದು ಹಿಡಿಯುವರು. ಅಲ್ಲಿ ಇಳಿದಷ್ಟು ಇಲ್ಲಿ ಸಡಿಲ. ಆಮೇಲೆ ನಾವಿಬ್ಬರು ಸುಮ್ಮನೆ ಹಾಗೆ ಎತ್ತಿದರೆ ಸಾಕು.

ರಸ್ತೆ ಅಗಲ ಮಾಡಿದಾಗ ಅಂಗಡಿ ಹೋಯಿತು. ಸಾಬರಿಗೂ ಮಂಡಿ ನೋವು. ಶ್ರೀರಂಗಪಟ್ಟಣದ ಮಗಳ ಮನೆಗೆ ಹೊರಡುವ ಹಿಂದಿನ ದಿನ ನಮ್ಮನ್ನು ಒಂದು ಬಟ್ಟೆಯಲ್ಲಿ ಸುತ್ತಿ ಚಲುವಯ್ಯನ ಕೈಗೆ ಕೊಟ್ಟರು.

ಚಲುವಯ್ಯನ ಎರಡು ಕಾಲೂ ಎಳೆತನದಲ್ಲೇ ಪೋಲಿಯೊದಿಂದ ಸೊರಗಿದ್ದವು. ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲಿ ಅವನ ಓಡಾಟ. ಊರಿನ ಹಾಲಿನ ಡೇರಿಯಲ್ಲಿ ಹಾಲಿನ ಡಿಗ್ರಿ ನೋಡಿ, ಅಳೆದು, ಬರೆದುಕೊಳ್ಳುವ ಕೆಲಸ. ಬೆಳಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಅವನು ಅಲ್ಲಿ ಇರಲೇಬೇಕು. ಮನೆಯಿಂದ ಡೇರಿ ಒಂದೂವರೆ ಮೈಲಿ, ದಾರಿಯುದ್ದಕ್ಕೂ ಜಾಲಿಮುಳ್ಳು. ಪಂಕ್ಚರ್ ಆದರೆ ಚಕ್ರ ಬಿಚ್ಚಿಕೊಂಡು ಅಂಗಡಿಗೆ ಹೋಗಬೇಕಾದವನು ಬಾಮೈದ ಬೆಟ್ಟಸ್ವಾಮಿ. ಕೆಟ್ಟವನಲ್ಲ. ಆದರೆ ಅವನ ಬಾಯಲ್ಲಿ ಒಂದೇ ಮಾತು: "ಆಯ್ತು ಭಾವ, ನಾಳೆ."

"ಇನ್ಮೇಲೆ ಮನೇಲೇ ಬಿಚ್ಕೊ," ಎಂದರು ಸಾಬರು. "ಗಾಳಿ ಪೂರಾ ತೆಗಿ. ಲಿವರ್ ಹಾಕೋ ಮುಂಚೆ ಆ ಕಡೆ ಕಾಲಲ್ಲಿ ತುಳ್ಕೊಂಡು..." ಚಲುವಯ್ಯನ ಕಾಲು ಕಂಡು ಮಾತು ನುಂಗಿದರು.

ಚಲುವಯ್ಯ ನಕ್ಕ. "ಹೇಳಿ ಸಾಬ್ರೆ. ಕಾಲು ಬೇರೆ ಎಲ್ಲಿಂದಾದ್ರೂ ತತ್ತೀನಿ."

"ಇನ್ನೊಂದು ಮಾತು. ಟೈರ್ ವಾಪಸ್ ಕೂರಿಸುವಾಗ ಕೊನೇ ನಾಲ್ಕು ಬೆರಳಿಗೆ ಲಿವರ್ ಮುಟ್ಟಿಸ್ಬೇಡ. ಹೆಬ್ಬೆಟ್ಟಲ್ಲಿ ತಳ್ಳು. ಬೆವರು ಬರಲಿ, ಬೈಗುಳ ಬರಲಿ, ಲಿವರ್ ಮಾತ್ರ ಬೇಡ."

ಮೊದಲ ಸಲವೇ ಚಲುವಯ್ಯ ಆ ಮಾತು ಮರೆತ. ಎದುರು ಬದಿಯನ್ನು ಒತ್ತಿ ಹಿಡಿಯಲು ಪಾದವಿಲ್ಲದೆ ಟೈರು ಮೇಲೆ ಮೇಲೆ ಬರುತ್ತಿತ್ತು. ಹಟ ಹಿಡಿದು ಬಿಚ್ಚಿದ, ಪ್ಯಾಚ್ ಹಾಕಿದ. ಕೂರಿಸುವಾಗ ಕೊನೆಯ ತುಂಡು ಒಳಗೆ ಹೋಗದೆ ಸತಾಯಿಸಿತು. ಡೇರಿಯ ಹೊತ್ತಾಗಿತ್ತು. ಸಿಟ್ಟಿನಲ್ಲಿ ನನ್ನನ್ನೇ ತುರುಕಿ ಎಳೆದ. ಟೈರು ಕೂತಿತು. ಜೊತೆಗೆ ನನ್ನ ಕೊಕ್ಕಿನ ಕೆಳಗೆ ಮೆತ್ತಗಿನದೇನೋ ಸಿಕ್ಕಿ ಪಿಸ್ಸೆಂದಿತು. ಹಾವು ಕಚ್ಚಿದ ಹಾಗೆ ಟ್ಯೂಬಿನಲ್ಲಿ ಎರಡು ತೂತು. ಕಚ್ಚಿದವನು ನಾನು. ಉಗುರು ತೆಗೆಸಿಕೊಂಡ ಮೇಲೂ ನನಗೆ ಆ ಅವಮಾನ ಬಂತು.

ಅವತ್ತು ಸಂಜೆಯೂ ಮರುದಿನ ಬೆಳಗ್ಗೆಯೂ ಡೇರಿಗೆ ಹೋಗಲಾಗಲಿಲ್ಲ. ಸೆಕ್ರೆಟರಿ ನಿಂಗರಾಜು ಮನೆಗೇ ಬಂದ. ಜಗಲಿಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟ.

"ನಿನ್ನ ಲೆಕ್ಕದಲ್ಲಿ ಒಂದು ಚಮಚ ಹಾಲು ಆಚೀಚೆ ಆಗಿಲ್ಲ ಚಲುವಯ್ಯ. ಆದ್ರೆ ಹೆಂಗಸ್ರು ಕ್ಯಾನ್ ಇಟ್ಕೊಂಡು ಕಾದು ಕಾದು, ಹಾಲು ಒಡೆದು ಚೆಲ್ಲಿದ್ದು ಮೂರನೇ ಸಲ. ಇನ್ನೊಂದ್ ಸಲ ಹಿಂಗಾದ್ರೆ ಆ ಕುರ್ಚೀಲಿ ಬೇರೆಯವ್ರನ್ನ ಕೂರಿಸ್ಬೇಕಾಯ್ತದೆ. ಬೇಜಾರು ಮಾಡ್ಕೋಬೇಡ."

ಚಲುವಯ್ಯ ಬೇಜಾರು ತೋರಿಸಲಿಲ್ಲ. ಆತ ಹೋದ ಮೇಲೆ ಬಹಳ ಹೊತ್ತು ನನ್ನನ್ನು ಅಂಗೈಯಲ್ಲಿ ತೂಗುತ್ತ ಕೂತಿದ್ದ.

ಅದಾದ ಹನ್ನೆರಡನೆಯ ದಿನ, ಬುಧವಾರ, ಬೆಳಗಿನ ಹಾಲು ಅಳೆದು ಬರುವಾಗ ಎಡಗಡೆಯ ಹಿಂದಿನ ಚಕ್ರ ಕೂತುಹೋಯಿತು. ರಿಮ್ಮಿನ ಮೇಲೆ ಕಟಕಟ ಅನ್ನಿಸುತ್ತ ಮನೆ ಸೇರುವಾಗ ಹನ್ನೊಂದು ಗಂಟೆ. ಊಟ ಮುಗಿಸಿ ಅಂಗಳಕ್ಕೆ ಬಂದಾಗ ಎರಡು.

"ಬೆಟ್ಟನ್ನ ಕೂಗ್ಲಾ?" ಎಂದಳು ಹೆಂಡತಿ ಸಾಕಮ್ಮ.

"ಬ್ಯಾಡ. ರುಬ್ಬೋ ಗುಂಡು ತತ್ತಾ."

ಚಕ್ರ ಬಿಚ್ಚಿ ಅಂಗಳದಲ್ಲಿ ಮಲಗಿಸಿ, ಪಾದ ಇರಬೇಕಾದ ಜಾಗದಲ್ಲಿ ಗುಂಡುಕಲ್ಲು ಇಟ್ಟರು. ನಾನು ಈಚೆ ಎತ್ತುತ್ತಿದ್ದಂತೆ ಕಲ್ಲು ಆಚೆ ಉರುಳಿತು. ಉರುಳಿದ್ದು ಸೀದಾ ಕೋಳಿ ಮುಚ್ಚಿದ್ದ ಮಂಕರಿಗೆ. ಕೋಳಿಗಳೆಲ್ಲ ಕೂಗುತ್ತ ಹಿತ್ತಲಿಗೆ ಓಡಿದವು.

"ಅಯ್ಯೋ, ನಿಮ್ಮ ರಿಪೇರಿಗೆ ಬೆಂಕಿ ಬೀಳ! ನಾನೇ ನಿಂತ್ಕತೀನಿ ಬುಡಿ," ಎಂದು ಸಾಕಮ್ಮ ಸೆರಗು ಸಿಕ್ಕಿಸಿದಳು.

"ನೀನು ತೌರಿಗೆ ಹೋದಾಗ ಯಾರು ನಿಂತ್ಕತಾರೆ?"

"ಹಂಗಾದ್ರೆ ನೀವೇ ಕೂತ್ಕಳಿ ಅದರ ಮೇಲೆ!" ಎಂದು ಸಿಡುಕಿ ಅವಳು ಕೋಳಿ ಹಿಡಿಯಲು ಹೋದಳು.

ಚಲುವಯ್ಯ ಅವಳು ಹೋದ ದಿಕ್ಕನ್ನೇ ನೋಡಿದ. ಆಮೇಲೆ ಕೈಯೂರಿ ಜರುಗಿ, ಟೈರಿನ ಅಂಚಿನ ಮೇಲೆ ಹೋಗಿ ಕೂತೇಬಿಟ್ಟ. ಇಡೀ ಮೈಯ ಭಾರಕ್ಕೆ ಟೈರು ತಾನಾಗಿ ಹಳ್ಳಕ್ಕೆ ಇಳಿಯಿತು. ಮುಂದಕ್ಕೆ ಬಾಗಿ ಎದುರು ಬದಿಯಲ್ಲಿ ನನ್ನ ಕೊಕ್ಕನ್ನು ತೂರಿಸಿ ಎತ್ತಿದ. ನನ್ನ ಬಾಲದ ಕೊಕ್ಕೆಯನ್ನು ಚಕ್ರದ ಕಡ್ಡಿಗೆ ಸಿಕ್ಕಿಸಿದ. ಒಂದು ಅಂಗೈ ಆಚೆಗೆ ನನ್ನ ಜೋಡಿಯನ್ನು ಹಾಕಿ ಎಳೆದ. ಸರಸರನೆ ಟೈರು ಬಿಚ್ಚಿಕೊಂಡು ಬಂತು. ಎಷ್ಟೋ ಮೆಕ್ಯಾನಿಕ್ಕುಗಳ ಕಾಲು ನೋಡಿದ್ದೇನೆ. ಕೂತಲ್ಲಿಂದ ಟೈರು ಎಬ್ಬಿಸಿದವನನ್ನು ಅವತ್ತೇ ನೋಡಿದ್ದು.

"ಸಾಬ್ರು ಹೇಳಿದ ಕಾಲು ಸಿಕ್ತು ಕಣೆ ಸಾಕೀ!" ಎಂದು ಹಿತ್ತಲಿಗೆ ಕೇಳುವಂತೆ ಕೂಗಿದ.

ಬಕೆಟ್ಟಿನ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎದ್ದ ಜಾಗ ಗುರುತು ಮಾಡಿದ. ಟೈರಿನ ಒಳಗೆ ಚಿಂದಿ ಬಟ್ಟೆ ಆಡಿಸಿ, ಅದು ಸಿಕ್ಕಿಕೊಂಡಲ್ಲಿ ಇದ್ದ ಮುಳ್ಳು ಕಿತ್ತ. ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಆರುವವರೆಗೂ ಕಾದು ಪ್ಯಾಚ್ ಒತ್ತಿದ. ಕೂರಿಸುವಾಗ ಮತ್ತೆ ಅದೇ ಕತೆ. ಎಲ್ಲ ಒಳಗೆ ಹೋಯಿತು, ಕೊನೆಯ ನಾಲ್ಕು ಬೆರಳು ಮಾತ್ರ ಹೊರಗೇ ನಿಂತಿತು. ತಳ್ಳಿದ, ಜಾರಿತು. ಮತ್ತೆ ತಳ್ಳಿದ. ಬಿಸಿಲು ಹುಣಸೆಮರದ ಆ ಕಡೆಗೆ ಇಳಿದಿತ್ತು. ಡೇರಿಗೆ ಹೊರಡಲು ಅರ್ಧ ಗಂಟೆ ಉಳಿದಿತ್ತು.

ಅವನ ಕೈ ನನ್ನ ಕಡೆ ಬಂತು. ನನ್ನನ್ನು ಎತ್ತಿಕೊಂಡ. ಕಬ್ಬಿಣಕ್ಕೂ ಎದೆ ಹೊಡೆದುಕೊಳ್ಳುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ಒಂದು ಕ್ಷಣ ಹಾಗೇ ಹಿಡಿದುಕೊಂಡಿದ್ದು, ನನ್ನನ್ನು ಕೈಗೆ ಸಿಗದಷ್ಟು ದೂರ, ಬೇಲಿಯ ಬುಡಕ್ಕೆ ಎಸೆದುಬಿಟ್ಟ.

"ಬಟ್ಟೆ ಸೋಪು ಕೊಡು," ಎಂದ.

ಸೋಪಿನ ನೊರೆ ಹಚ್ಚಿದ. ಸರಿದು ಗಟ್ಟಿಯಾಗಿ ಕೂತ. ಎರಡು ಹೆಬ್ಬೆಟ್ಟು ಜೋಡಿಸಿ ಒತ್ತಿದ. ಇಪ್ಪತ್ತು ವರ್ಷ ಪೆಡಲ್ ತಿರುಗಿಸಿದ ಕೈ ಅದು. ತೋಳಿನ ನರ ಹುರಿಯಾದವು, ಹಣೆಯ ಬೆವರು ರಿಮ್ಮಿನ ಮೇಲೆ ತೊಟ್ಟಿಕ್ಕಿತು. ಟಪ್ ಎಂದು ಟೈರು ಒಳಗೆ ಕೂತಿತು. ಬೇಲಿಯ ಬುಡದಲ್ಲಿ ಬಿದ್ದುಕೊಂಡೇ ನೋಡಿದೆ. ನನ್ನನ್ನು ಎಸೆದದ್ದಕ್ಕೆ ಅಷ್ಟು ಸಂತೋಷ ಪಟ್ಟ ಲಿವರ್ ಇನ್ನೊಂದಿರಲಾರದು.

ಪಂಪನ್ನು ತೊಡೆಯ ಕೆಳಗೆ ಒತ್ತಿಕೊಂಡು ಗಾಳಿ ಹೊಡೆದ. ನಮ್ಮನ್ನು ಆರಿಸಿಕೊಂಡು ಚೀಲಕ್ಕೆ ಹಾಕಿ ಡೇರಿ ಮುಟ್ಟುವಾಗ ಐದಕ್ಕೆ ಐದು ನಿಮಿಷ ಇತ್ತು. ಕ್ಯಾನು ಹಿಡಿದು ನಿಂತಿದ್ದ ಹೆಂಗಸೊಬ್ಬಳು ಟೈರಿನ ಮಸಿ ಮೆತ್ತಿದ ಅವನ ಕೈ ನೋಡಿ, "ಇದೇನ್ ಚಲುವಯ್ಯ, ಕೋಣ ತೊಳೆದ್ಯಾ? ನಮ್ಮ ಹಾಲು ಮುಟ್ಟಬ್ಯಾಡ ಕಣಪ್ಪ!" ಎಂದಳು. ಅವನು ಮೂರು ಸಲ ಕೈ ತೊಳೆದು ಕುರ್ಚಿಯಲ್ಲಿ ಕೂತ. ನಿಂಗರಾಜು ಲೆಕ್ಕದ ಪುಸ್ತಕ ಮುಂದಕ್ಕೆ ಸರಿಸಿದ.

ಮಳೆಗಾಲ ಕಳೆದ ಮೇಲೆ ಒಂದು ದಿನ ಬೆಟ್ಟಸ್ವಾಮಿ ತನ್ನ ಮೊಪೆಡ್ ತಳ್ಳಿಕೊಂಡು ಬಂದ. "ಭಾವ, ಪಂಕ್ಚರು. ಒಸಿ ನೋಡ್ತೀಯಾ?"

"ಆಯ್ತು ಕಣ್ಲಾ, ನಾಳೆ," ಎಂದ ಚಲುವಯ್ಯ. ಬೆಟ್ಟಸ್ವಾಮಿಯ ಮುಖ ಸಣ್ಣದಾಯಿತು. ಅಷ್ಟರಲ್ಲಿ ಚಲುವಯ್ಯ ನಗುತ್ತ ಚೀಲದಿಂದ ನನ್ನನ್ನು ತೆಗೆದಾಗಿತ್ತು.

ಈಗ ಅವನಿಗೆ ಇಂಜಿನ್ನಿನ ಮೂರು ಚಕ್ರದ ಗಾಡಿ ಬಂದಿದೆ. ಅದರ ಟೈರಿಗೆ ಟ್ಯೂಬೇ ಇಲ್ಲ. ನಾನು ಡೇರಿಯ ಕಿಟಕಿಯ ಮೇಲಿದ್ದೇನೆ, ಬಿಗಿದುಕೊಂಡ ಕ್ಯಾನಿನ ಮುಚ್ಚಳ ಎಬ್ಬಿಸಲು. ಮುಚ್ಚಳಕ್ಕೆ ಒಂದೇ ಲಿವರ್ ಸಾಕು.

ಕಳೆದುಕೊಂಡದ್ದು ಇಷ್ಟು: ಕೊಕ್ಕಿನ ಅರ್ಧ ಅಂಗುಲ ಸವೆದಿದೆ, ನನ್ನ ಜೋಡಿ ಒಂದು ದಿನ ನಾಲೆಯ ಏರಿಯಲ್ಲಿ ಬಿದ್ದುಹೋಯಿತು, ಸಿಗಲಿಲ್ಲ. ಗಳಿಸಿದ್ದು: ಆ ಬುಧವಾರದ ನಂತರ ಹದಿನಾಲ್ಕು ವರ್ಷ, ಮನೆಯಿಂದ ಹೊರಡಲು ಚಲುವಯ್ಯ ಯಾರನ್ನೂ ಕಾಯಲಿಲ್ಲ.