ಹುಲ್ಲಿಗೆ ಹಾಕಿದ ಮೀನಿನ ಪುಡಿ

ಬೀಜಾಡಿಯ ಕಡಲ ಬದಿಯಲ್ಲಿ ಹರಿಣಾಕ್ಷಿಯ ಹೋಮ್‌ಸ್ಟೇ ಇದೆ. ಮೊದಲು ಆ ಜಾಗದಲ್ಲಿ ಅವಳ ಅಪ್ಪ ಬಲೆ ಹರವುತ್ತಿದ್ದರು. ಬೈಗೆ ಎಂಬ ಮೀನು ರಾಶಿ ಬಿದ್ದ ವರ್ಷ ಅಲ್ಲೇ ಒಣಗಿಸುತ್ತಲೂ ಇದ್ದರು. ಆ ಅಪ್ಪನ ದೋಣಿಯಲ್ಲಿ ಬಲೆ ಎಳೆದು ಮುದುಕನಾದವನು ಐತ. ದೋಣಿ ಹೋಯಿತು, ಅಪ್ಪನೂ ಹೋದರು. ಮುಂಬೈಯಿಂದ ಬಂದ ಹರಿಣಾಕ್ಷಿ ಮನೆ ಎತ್ತಿ ಕಟ್ಟಿಸಿದಳು. ಎದುರಿನ ಹೊಯ್ಗೆಯ ಮೇಲೆ ಕೆಂಪು ಮಣ್ಣು ಹಾಕಿಸಿ, ಚಾಪೆಯ ಹಾಗೆ ಸುರುಳಿ ಸುತ್ತಿ ತಂದ ಹುಲ್ಲನ್ನು ಹಾಸಿಸಿದಳು. ಅದಕ್ಕೆ ನೀರು ಬಿಡುವ ಕೆಲಸ ಐತನಿಗೆ. ಹಿಂದಿನ ಕೋಣೆಯಲ್ಲಿ ಅವನೂ ಹೆಂಡತಿ ಪದ್ದುವೂ ಇದ್ದುಕೊಳ್ಳಬಹುದು ಎಂದಾಯಿತು. ಅವರ ಹಿಂದೆಯೇ ಕೆಂಪಿಯೂ ಬಂತು.

ಕೆಂಪಿ ಎಂದರೆ ನಾಯಿ. ದೋಣಿ ಎಳೆದಿಡುವಲ್ಲಿ ಹುಟ್ಟಿದ್ದು. ಐತ ಎಲ್ಲಿ ಕೂತರೂ ಅವನ ಪಾದದ ಮೇಲೆ ಗದ್ದ ಇಟ್ಟು ಮಲಗುವುದು ಅದರ ಕ್ರಮ. ಉಚ್ಚೆ ಹೊಯ್ಯಲು ಗಂಡು ನಾಯಿಯ ಹಾಗೆ ಅದು ಕಂಬ ಹುಡುಕುವುದಿಲ್ಲ, ಮೆತ್ತಗಿದ್ದಲ್ಲಿ ಕೂತುಬಿಡುತ್ತದೆ. ಆ ಹುಲ್ಲಿಗಿಂತ ಮೆತ್ತಗಿನ ಜಾಗ ಊರಲ್ಲಿ ಬೇರೆ ಯಾವುದಿತ್ತು?

ಬಿಸಿಲು ಏರುತ್ತಿದ್ದಂತೆ ಹುಲ್ಲಿನ ಮೇಲೆ ಕಾವಲಿಯಷ್ಟು ಅಗಲದ ಹಳದಿ ಕಲೆಗಳು ಎದ್ದವು.

"ಐತಣ್ಣ, ಇಲ್ಲ್ ಬನ್ನಿ ಕಾಂಬ. ಎಂತ ಇದ್? ಹುಲ್ಲಿಗೆ ಕಜ್ಜಿ ಹಿಡ್ದಂಗಿತ್ತಲೆ!"

"ಬಿಸ್ಲಿಗೆ ಆದ್ದ್, ಹರಿಣಮ್ಮ."

"ಬಿಸ್ಲ್ ಹೀಂಗೆ ಉರುಟುರುಟು ಬೀಳತ್ತಾ? ನಾನ್ ಮೇಲಿಂದ ಕಂಡಿದೆ. ನಿಮ್ಮ್ ನಾಯಿ ಉಚ್ಚಿ ಹೊಯ್ದದ್ದ್." ಹರಿಣಾಕ್ಷಿ ಮುಂದುವರಿಸಿದಳು, "ಬಪ್ಪ ತಿಂಗ್ಳ್ ಇಲ್ಲ್ ಮೆಹೆಂದಿ ಇತ್. ಪೂನಾದಿಂದ ಜನ ಬತ್ರ್. ಅಷ್ಟೊತ್ತಿಗೆ ಹುಲ್ಲ್ ಸಮ ಆಯ್ಕ್. ಆಯ್ಲಿಲ್ಲ ಅಂದ್ರೆ ನಾಯಿನ ಕೊಲ್ಲೂರಿಗೆ ಬಿಟ್ಟಿಕ್ ಬಪ್ದೇ. ಅಲ್ಲ್ ಯಾತ್ರೆಗ್ ಬಂದವ್ರ್ ಕೊಡ್ತ್ರ್, ಹೊಟ್ಟಿಗ್ ಕಮ್ಮಿ ಆತಿಲ್ಲೆ."

ಐತ ಆಯಿತೆಂದು ತಲೆ ಅಲ್ಲಾಡಿಸಿದ. ಕೋಣೆ ಅವಳದ್ದು. ಅಲ್ಲಿ ನಿಂತು ವಾದ ಮಾಡುವ ಬಾಯಿ ಅವನಿಗೆ ಯಾವತ್ತೂ ಇರಲಿಲ್ಲ.

ಅವಳ ಮಗ ರತನ್ ಹುಲ್ಲು ಕೊಟ್ಟ ನರ್ಸರಿಯವರಿಗೆ ಫೋನ್ ಮಾಡಿ ಕೇಳಿದ. "ಐತಜ್ಜ, ನಾಯಿ ಕೂತ ಕೂಡ್ಲೆ ಅಲ್ಲಿಗೆ ಒಂದ್ ಕೊಡಪಾನ ನೀರ್ ಹೊಯ್ಕಂಬ್ರ್. ಸತ್ತ್ ಹುಲ್ಲ್ ಕೆರ್ದ್ ತೆಗ್ದ್, ಮಣ್ಣ್ ಬದ್ಲ್ ಮಾಡಿ, ಹೊಸ ತುಂಡ್ ಕೂರ್ಸ್ಕಂಬ್ರ್."

ಐತ ಎಲ್ಲವನ್ನೂ ಮಾಡಿದ. ಕತ್ತಿಯಲ್ಲಿ ಕಲೆ ಕೆರೆದ, ಮಣ್ಣು ತೆಗೆದ, ಬೇಲಿ ಬದಿಯ ಒಳ್ಳೆಯ ಹುಲ್ಲಿನಿಂದ ತುಂಡು ಕೊಯ್ದು ತಂದು ಕೂರಿಸಿ ಅಂಗೈಯಲ್ಲಿ ಒತ್ತಿದ. ಕೆಂಪಿ ಎದ್ದರೆ ಅವನೂ ಎದ್ದ. ಅದು ಕೂತರೆ ಕೊಡಪಾನ ಹಿಡಿದು ಓಡಿದ. ಆಟ ಎಂದು ತಿಳಿದು ಅದು ಬಾಲ ಅಲ್ಲಾಡಿಸುತ್ತ ಮತ್ತಷ್ಟು ದೂರ ಓಡಿತು.

"ಹೆತ್ತ್ ಮಕ್ಕಳ್ ಹಿಂದೂ ಹೀಂಗ್ ಓಡ್ಲಿಲ್ಲೆ ನೀವ್!" ಪದ್ದು ಮೆಟ್ಟಿಲ ಮೇಲೆ ಕೂತು ನಕ್ಕಳು.

ಆದರೆ ವೈಶಾಖದಲ್ಲಿ ಕಡಲ ಬದಿಯ ಬಾವಿಗೆ ಉಪ್ಪು ಬರುತ್ತದೆ. ಐತ ಒಂದು ಗುಟುಕು ಬಾಯಿಗೆ ಹಾಕಿ ಉಗಿದ. ನಳ್ಳಿಯ ನೀರು ಅಡುಗೆಗೇ ಸಾಲದು. ಉಚ್ಚೆ ತೊಳೆಯಲು ಬೇರೆ ನೀರು ಎಲ್ಲಿಂದ? ಬಾವಿಯ ಉಪ್ಪು ನೀರನ್ನೇ ಹೊಯ್ದ. ಕೂರಿಸಿದ ತುಂಡುಗಳು ಬೇರು ಬಿಡದೆ ಕಂದಿದವು.

ಮಣ್ಣಿಗೆ ಹಸಿವಾಗಿದೆ ಎಂದು ಐತನಿಗೆ ಅನಿಸಿದ್ದು ಆಗ. ತೆಂಗಿನ ಗರಿ ಹಳದಿಯಾದರೆ ಬುಡಕ್ಕೆ ಮೀನು ಹಾಕಬೇಕು: ಅವನ ಅಜ್ಜ ಹಾಕಿದ್ದು ಅದನ್ನೇ, ಅಪ್ಪ ಹಾಕಿದ್ದೂ ಅದನ್ನೇ. ಮೀನು ತಿಂದ ಮರ ಕಪ್ಪು ಹಸಿರು ಕಾರುವುದನ್ನು ಅವನೇ ಎಷ್ಟು ಸಲ ನೋಡಿದ್ದಾನೆ! ತ್ರಾಸಿಯಲ್ಲಿ ಮೀನು ಒಣಗಿಸುವ ಕಿಟ್ಟನ ಬಳಿ ಹೋಗಿ ಒಂದು ಚೀಲ ಒಣಮೀನಿನ ಪುಡಿ ತಂದ. ಬರುವಾಗ ಮೀನಿನ ಟೆಂಪೋದ ಹಿಂದೆ ಚೀಲ, ಚೀಲದ ಪಕ್ಕ ಅವನು, ಅವನಿಗೆ ಒರಗಿ ಕೆಂಪಿ. ಪ್ರತಿ ಕಲೆಯ ಮೇಲೂ ಪುಡಿ ಉದುರಿಸಿ, ತೆಳ್ಳಗೆ ಮಣ್ಣು ಎಳೆದು, ಇನ್ನು ನಾಯಿ ಉಳಿಯಿತು ಎಂದುಕೊಂಡ.

ಬೆಳಿಗ್ಗೆ ಬಾಗಿಲು ತೆಗೆದರೆ ಕಡಲ ಬದಿಯ ನಾಯಿಗಳೆಲ್ಲ ಹುಲ್ಲಿನ ಮೇಲಿದ್ದವು. ಒಂದು ಕೆರೆಯುತ್ತಿತ್ತು, ಒಂದು ಹೊರಳುತ್ತಿತ್ತು. ಒಂದು ಉಚ್ಚೆ ಹೊಯ್ದಲ್ಲಿಗೆ ಇನ್ನೊಂದು ಬಂದು ಮೂಸಿ ತಾನೂ ಹೊಯ್ಯುತ್ತಿತ್ತು. ಕೆಂಪಿ ಮಾತ್ರ ಮೆಟ್ಟಿಲ ಮೇಲೆ ನಿಂತು ಅವನ್ನು ಬೊಗಳುತ್ತಿತ್ತು.

"ಹುಲ್ಲಿಗೆ ಮೀನೂಟ ಹಾಕಿದ್ರಿ, ನೆಂಟ್ರೆಲ್ಲ ಬಂದ್ರ್. ಹ್ವಾಯ್, ಬಡ್ಸುಕೆ ಹೋಪ್ದಿಲ್ಯಾ?" ಎಂದ ಪದ್ದು ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಹಿಡಿಸೂಡಿ ಪೊರಕೆ ಎತ್ತಿಕೊಂಡು ನಾಯಿಗಳನ್ನು ಅಟ್ಟಲು ಇಳಿದಳು.

ಐತ ಪುಡಿಯನ್ನು ಗೋರಿ ತೆಗೆದ. ವಾಸನೆಯನ್ನು ಗೋರಲು ಬರುತ್ತದೆಯೇ? ಅಟ್ಟಿದ ನಾಯಿಗಳು ತಿರುಗಿ ಬಂದವು. ಕಡೆಗೆ ಹಳೆಯ ಬಲೆ ತಂದು, ಗೂಟ ಹುಗಿದು, ಹುಲ್ಲಿನ ಸುತ್ತ ಕಟ್ಟಿದ. ಬಲೆಗೆ ನಾಯಿಗಳು ನಿಂತವು. ಹರಿಣಾಕ್ಷಿ ನಿಲ್ಲಲಿಲ್ಲ.

"ಇದೆಂತ ಅವತಾರ, ಐತಣ್ಣ? ಹೋಮ್‌ಸ್ಟೇಯಾ, ಮೀನ್ ಒಣ್ಸು ಜಾಗವಾ? ವಾಸ್ನಿ ಬೇರೆ! ಬಂದವ್ರ್ ಫೋಟೊ ತೆಗ್ದ್ ಊರಿಗೆಲ್ಲ ತೋರ್ಸ್ತ್ರ್. ಬಿಚ್ಚಿ ಅದ್ನ."

"ಬಿಚ್ತೆ. ಆದ್ರೆ ಹರಿಣಮ್ಮ, ಮೀನ್ ಪುಡಿ ಹಾಕಿದ್ದ್ ನಾನ್. ಉಳ್ದ್ ನಾಯಿ ಬಂದದ್ದ್ ಅದ್ಕೆ. ಇಷ್ಟ್ ಹಾಳಾದ್ದ್ ಕೆಂಪಿಯಿಂದ ಅಲ್ಲ."

ಹರಿಣಾಕ್ಷಿ ಹುಲ್ಲನ್ನು ನೋಡಿದಳು, ಅವನನ್ನೂ ನೋಡಿದಳು. ದನಿ ಇಳಿಯಿತು. "ನಂಗೂ ಬೇಜಾರೇ, ಐತಣ್ಣ. ಊರ್ ನಾಯಿನ ನಾನ್ ಎಲ್ಲಿಗ್ ಕಳ್ಸುದ್? ನನ್ನ ಕೈಯಗೆ ಕಳ್ಸುಕ್ ಆಪ್ದ್ ಇದೊಂದನ್ನೇ."

ಒಳಗೆ ಬಂದು ಐತ ಹೆಂಡತಿಯನ್ನು ಕೇಳಿದ, "ನಾವೂ ಹ್ವಾಪನಾ?"

"ಎಲ್ಲಿಗೆ?" ಎಂದಳು ಪದ್ದು.

ಐತ ಬಲೆ ಬಿಚ್ಚಲು ಹೊರಗೆ ಹೋದ.

ಹರಿಣಾಕ್ಷಿ ತರಿಸಿದ ಹೊಸ ಹುಲ್ಲು ಬರುವ ದಿನ, ಕೆಂಪಿಯನ್ನು ಕೊಲ್ಲೂರಿಗೆ ಬಿಡಲು ರತನ್ ಓಮ್ನಿ ವ್ಯಾನ್ ತಂದು ನಿಲ್ಲಿಸಿದ. ಪದ್ದು ಅವನ ಕೈಗೆ ಡಬ್ಬಿ ಕೊಟ್ಟಳು. "ಮೀನ್ ಸಾರಿನ ಅನ್ನ, ಮಗಾ. ದಾರಿ ಮೇಲೇ ತಿನ್ಸ್, ದೇವಸ್ಥಾನದ್ ಹತ್ರ ಬ್ಯಾಡ. ಇನ್ನ್ ಅದ್ಕೆ ಅಲ್ಲ್ ಮೀನ್ ಸಿಕ್ಕುದಿಲ್ಲೆ." ಅಷ್ಟು ಹೇಳಿ ಒಳಗೆ ಹೋದವಳು ಹೊರಗೆ ಬರಲಿಲ್ಲ.

ರತನ್ ಹಗ್ಗ ಹಿಡಿದು ಹತ್ತಿರ ಹೋದರೆ ಕೆಂಪಿ ತೆಂಗಿನ ಮರದ ಹಿಂದೆ ನಿಂತು ಹಲ್ಲು ತೋರಿಸಿತು. ಬಿಸ್ಕೆಟ್ ಹಾಕಿದ, ಮೂಸಲಿಲ್ಲ. ಹುಡುಗ ಬೆವರು ಒರೆಸಿಕೊಂಡು ನಿಂತ. "ಐತಜ್ಜ, ನನ್ನಿಂದ ಆತಿಲ್ಲೆ. ನೀವೇ ಕರೀಕ್."

ಕರೆಯದಿದ್ದರೆ ಏನಾಗುತ್ತದೆ ಎಂದು ಐತ ಯೋಚಿಸಿದ. ಹಗ್ಗ ಕುತ್ತಿಗೆಗೆ ಬೀಳುತ್ತದೆ, ಎಳೆದಾಟ ಆಗುತ್ತದೆ, ಹೇಗೂ ಹೋಗುತ್ತದೆ. ಅವನು ಓಮ್ನಿಯ ಹಿಂದಿನ ಸೀಟಿಗೆ ಹತ್ತಿ ಕೂತ. "ಬಾ ಕೆಂಪಿ" ಎಂದ.

ಎರಡನೇ ಸಲ ಕರೆಯಬೇಕಾಗಲಿಲ್ಲ. ಒಂದೇ ನೆಗೆತಕ್ಕೆ ಅದು ಮೇಲೆ ಬಂತು. ಅದರ ಬೆನ್ನು ಸವರಿ, ಐತ ಆಚೆ ಬದಿಯ ಬಾಗಿಲಿನಿಂದ ಇಳಿದ. ಹೊರಟವರಿಗೆ "ಹೋಯಿ ಬಾ" ಎನ್ನಬೇಕು. ಅವನು ಹಿಂದೆ ಸರಿದು ನಿಂತ. ರತನ್ ಎರಡೂ ಬಾಗಿಲು ಎಳೆದ.

ಕೆಂಪಿ ಬೊಗಳಲಿಲ್ಲ, ಗಾಜು ಕೆರೆಯಲಿಲ್ಲ. ಅವನು ಸುತ್ತು ಹಾಕಿ ಈಚೆಯಿಂದ ಹತ್ತುತ್ತಾನೆ ಎಂದುಕೊಂಡಿತೋ ಏನೋ, ಸೀಟಿನಲ್ಲಿ ಸ್ವಲ್ಪ ಆಚೆಗೆ ಸರಿದು ಅವನಿಗೆ ಜಾಗ ಮಾಡಿಕೊಟ್ಟು ಕೂತಿತು.