ಹನ್ನೆರಡು ಮೊಲಗಳ ಪಂಕ್ತಿ

೨೦೨೪ರ ಜೂನ್ ಹದಿನಾಲ್ಕರಂದು ಚಿಕ್ಕೋಡಿಯ ಹೊರವಲಯದ ಒಂದು ಶೆಡ್ಡಿನಲ್ಲಿ ಹನ್ನೆರಡು ಮೊಲಗಳಿದ್ದವು. ಪ್ರತಿಯೊಂದರ ಒಂದು ಕಣ್ಣಿಗೆ ಬೇರೆ ಮೊಲದ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ತಿಳಿ ಪರದೆ, ಹೊಲಿಯಲಾಗಿತ್ತು.

ಹೊಲಿದವಳು ನನ್ನ ಮೊಮ್ಮಗಳು ಶೈಲಾ, ಪಶುವೈದ್ಯೆ. ಪರರ ಪರದೆಯನ್ನು ದೇಹ ಸುಲಭಕ್ಕೆ ಒಪ್ಪುವುದಿಲ್ಲ. ತಿರಸ್ಕರಿಸುತ್ತದೆ, ಕಣ್ಣು ಮಬ್ಬಾಗುತ್ತದೆ. ಅರಿಷಿಣದಿಂದ ತೆಗೆದ ಸಾರ ಅದನ್ನು ತಡೆಯುತ್ತದೆಯೇ ಎಂಬುದು ಅವಳ ಪ್ರಶ್ನೆ. ಆರು ಮೊಲಗಳಿಗೆ ಅರಿಷಿಣದ ಹನಿ, ಆರಕ್ಕೆ ಬರಿಯ ಉಪ್ಪುನೀರು. ಎರಡು ಗುಂಪುಗಳ ವ್ಯತ್ಯಾಸವೇ ಉತ್ತರ. ವ್ಯತ್ಯಾಸವಿಲ್ಲದಿದ್ದರೆ ಮೂರು ವರ್ಷದ ದುಡಿಮೆಗೆ ಪದವಿಯಿಲ್ಲ. ಅವಳು ಹಗಲೆಲ್ಲ ನಿಪ್ಪಾಣಿಯ ದನಗಳ ನಡುವೆ ಇರುತ್ತಿದ್ದುದರಿಂದ ಹನಿ ಬಿಡುವ ಕೆಲಸ ಶೆಡ್ಡು ನೋಡಿಕೊಳ್ಳುವ ಮುಗಳಖೋಡದ ಮಲಕವ್ವನದು. ಅಂತಿಮ ಎಣಿಕೆಗೆ ಶೈಲಾ ನನ್ನನ್ನು ಕರೆದಿದ್ದಳು. ನಾನು ನಿವೃತ್ತ ಗಣಿತ ಮಾಸ್ತರ. ಯಾರಿಗೂ ಕೃಪಾಂಕ ಕೊಟ್ಟವನಲ್ಲ.

ಅರಿಷಿಣದ ಗುಂಪಿನಲ್ಲಿ ನಾಲ್ಕು ಕಣ್ಣು ತಿಳಿ, ಎರಡು ಮಬ್ಬು. ಉಪ್ಪುನೀರಿನ ಗುಂಪಿನಲ್ಲಿಯೂ ನಾಲ್ಕು ತಿಳಿ, ಎರಡು ಮಬ್ಬು.

"ಅಜ್ಜಾ, ಇನ್ನೊಮ್ಮಿ ಎಣಸು."

"ನಾಲ್ಕರಾಗ ನಾಲ್ಕು ಎಷ್ಟ ಸಲ ಕಳದ್ರೂ ಸೊನ್ನಿನ."

ಶೈಲಾ ಕಪಾಟಿನಿಂದ ಬಾಟಲಿಗಳನ್ನು ತೆಗೆದಳು. ಉಪ್ಪುನೀರಿನ ಬಾಟಲಿಯೂ ಹಳದಿಯಾಗಿತ್ತು.

"ಮಲಕವ್ವಾ, ಇದ್ಯಾಕ ಹಳದಿ ಐತಿ?"

"ಎರಡೂ ಕೂಡಿಸೀನ್ರಿ ಅಕ್ಕಾರ," ಎಂದಳು ಮಲಕವ್ವ. "ಹನ್ನೆರಡೂ ಒಂದ ಸಾಲಿನ್ಯಾಗ ಕುಂತಾವು. ಆರಕ್ಕ ಔಷಧ, ಆರಕ್ಕ ಬರೇ ನೀರಂದ್ರ ಪಂಕ್ತಿಭೇದ ಆಗೂದಿಲ್ಲೇನ್ರಿ? ಪಾಪ, ನೋಡಕೋತ ಕುಂತಿರತಾವು."

"ಅದು ಊಟ ಅಲ್ಲ ಬೇ, ಪ್ರಯೋಗ!"

"ಹಂಗಂತ ಮೊಲಕ್ಕ ಯಾರ ಹೇಳ್ಯಾರ?"

ಶೈಲಾ ಕಣ್ಣೊರೆಸಿಕೊಂಡಳು. ಮಲಕವ್ವನಿಗೆ ತಕ್ಕ ನಾಲ್ಕು ವಾಕ್ಯಗಳನ್ನು ನಾನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಷ್ಟರಲ್ಲಿ ಅವಳು ನಮ್ಮಿಬ್ಬರಿಗೂ ತಾಟು ಇಟ್ಟಾಗಿತ್ತು. ಫಲಿತಾಂಶದ ದಿನವೆಂದು ಮನೆಯಿಂದ ಹೋಳಿಗೆ ಮಾಡಿ ತಂದಿದ್ದಳು. ಉಂಡ ಮೇಲೆ ಬೈದರಾಯಿತೆಂದು ಕುಳಿತೆ.

"ಅಜ್ಜಗ ಹೋಳಿಗಿ ಹಾಕಬ್ಯಾಡ," ಎಂದು ಶೈಲಾ ಸಿಡುಕಿದಳು. "ಸಕ್ಕರಿ ಬ್ಯಾನಿ ಐತಿ. ಬರೇ ರೊಟ್ಟಿ ಹಾಕು."

ಮಲಕವ್ವನ ಕೈ ಅಲ್ಲಿಯೇ ನಿಂತಿತು. ಶೈಲಾಳ ತಾಟು ನೋಡಿದಳು, ನನ್ನ ತಾಟು ನೋಡಿದಳು. ಬಳಿಕ ಕೈಯಲ್ಲಿದ್ದ ಹೋಳಿಗೆಯನ್ನು ಮುರಿದು ಇಬ್ಬರಿಗೂ ಅರ್ಧರ್ಧ ಬಡಿಸಿ, ತುಪ್ಪವನ್ನೂ ಸಮನಾಗಿ ಹಾಕಿದಳು.

ಶೈಲಾ ಅಳುವುದನ್ನು ಬಿಟ್ಟು ನಕ್ಕಳು. "ಹಿಂಗ ಆಗೇತಿ ನೋಡ ನನ್ನ ಪ್ರಯೋಗ!"

ಹಲವು ವರ್ಷಗಳ ನಂತರ ನನ್ನ ತಾಟಿಗೆ ಬಂದ ಹೋಳಿಗೆ ಅದು. ಬೆರಳಿಗಂಟಿದ ತುಪ್ಪವನ್ನೂ ಬಿಡದೆ ನೆಕ್ಕಿದೆ.

"ಮುಂದಿನ ಸಲ ಎರಡೂ ಬಾಟ್ಲಿಗೆ ಒಂದ ಬಣ್ಣ ಇರಲಿ," ಎಂದೆ ಕೊನೆಗೆ. "ಯಾವುದು ಔಷಧ ಅನ್ನೂದು ಇಕಿಗೆ ಗೊತ್ತಾಗಬಾರದು."

"ಗೊತ್ತಿಲ್ಲದ ಬಡಿಸಿದ್ರ ಪಾಪ ಇಲ್ಲ ಬಿಡ್ರಿ ಮಾಸ್ತರ್ರ," ಎಂದು ಮಲಕವ್ವ ಒಪ್ಪಿಗೆ ಕೊಟ್ಟಳು.

ಶೈಲಾಳ ಪದವಿ ಒಂದು ವರ್ಷ ಮುಂದೆ ಹೋಯಿತು. ಮಲಕವ್ವನಿಗೆ ಸಲ್ಲಬೇಕಾದ ಆ ನಾಲ್ಕು ವಾಕ್ಯಗಳು ನನ್ನಲ್ಲಿ ಇನ್ನೂ ಬಾಕಿ ಇವೆ.